ಪ್ಯಾರಿಸ್‌ ಮೆಟ್ರೊ: ಬಿಡಿ ಟಿಕೆಟ್ಟೋ, ದಿನದ ಪಾಸೋ, ವಾರದ ಪಾಸೋ?

ಪ್ಯಾರಿಸ್‌ಗೆ ಹೊರಟವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಐದು ದಿನ ಇರ್ತೀವಿ, ಯಾವ ಪಾಸ್ ತಗೊಳ್ಳೋದು?’ ಇಷ್ಟೇ ಹೇಳಿದರೆ ಉತ್ತರ ಕೊಡಲಾಗದು. ಎಷ್ಟು ದಿನ ಇರುತ್ತೀರಿ ಎನ್ನುವುದಕ್ಕಿಂತ ಸೋಮವಾರ ಇಳಿಯುತ್ತೀರೋ ಶುಕ್ರವಾರ ಇಳಿಯುತ್ತೀರೋ ಎನ್ನುವುದೇ ಇಲ್ಲಿ ದೊಡ್ಡದು. ಸೋಮವಾರ ಬಂದು ಶುಕ್ರವಾರ ಹೊರಡುವವರಿಗೂ, ಶುಕ್ರವಾರ ಬಂದು ಮಂಗಳವಾರ ಹೊರಡುವವರಿಗೂ ಸಿಗುವುದು ಐದೈದೇ ದಿನ. 2025ರ ದರದಲ್ಲಿ ಮೊದಲನೆಯವರ ಓಡಾಟವೆಲ್ಲ 31.60 ಯೂರೊಗೆ ಮುಗಿಯುತ್ತದೆ. ಅಷ್ಟೇ ಓಡಾಟಕ್ಕೆ ಎರಡನೆಯವರ ಕೈಯಿಂದ ಅರವತ್ತಕ್ಕೂ ಹೆಚ್ಚು ಯೂರೊ ಹೋಗುತ್ತದೆ.

ಲೆಕ್ಕಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ. 2025ಕ್ಕಿಂತ ಹಿಂದೆ ಬರೆದ ಸಲಹೆಗಳನ್ನು ಪಕ್ಕಕ್ಕಿಡಿ. ಹತ್ತು ಕಾಗದದ ಟಿಕೆಟ್‌ಗಳ ಕಟ್ಟು, ‘ವರ್ಸೈಗೆ ನಾಲ್ಕನೇ ವಲಯದವರೆಗಿನ ಟಿಕೆಟ್’ (ನಗರದಿಂದ ದೂರ ಹೋದಂತೆ ವಲಯದ ಸಂಖ್ಯೆ ಏರುತ್ತದೆ), ‘ಡಿಸ್ನಿಲ್ಯಾಂಡ್‌ಗೆ ಐದು ಯೂರೊ’ ಇವೆಲ್ಲ ಹಳೆಯ ಕತೆ. 2025ರ ಜನವರಿ 1ರಿಂದ ದೂರ ನೋಡಿ ದರ ಹಾಕುವ ಪದ್ಧತಿಯೇ ಹೋಯಿತು. ಈಗ ಮೂರೇ ಬಗೆಯ ಬಿಡಿ ಟಿಕೆಟ್: ಮೆಟ್ರೊ-ರೈಲು-ಆರ್‌ಇಆರ್‌ಗೆ (ಆರ್‌ಇಆರ್ ಎಂದರೆ ನಗರದಿಂದ ಉಪನಗರಗಳಿಗೆ ಓಡುವ ರೈಲು) 2.50 ಯೂರೊ, ಬಸ್ಸು-ಟ್ರಾಮಿಗೆ 2 ಯೂರೊ, ವಿಮಾನ ನಿಲ್ದಾಣಕ್ಕೆ 13 ಯೂರೊ. ನಮ್ಮ ಮೆಟ್ರೊದಲ್ಲಿ ಎಷ್ಟು ದೂರವೋ ಅಷ್ಟು ಕಾಸು. ಅಲ್ಲಿ ಎರಡು ನಿಲ್ದಾಣಕ್ಕೂ 2.50, ಊರಾಚೆಯ ವರ್ಸೈ ಅರಮನೆಗೂ 2.50. ಇಲ್ಲಿ ಕೊಟ್ಟಿರುವ ದರಗಳೆಲ್ಲ 2025ರವು. ಪ್ರತಿ ಜನವರಿಯಲ್ಲಿ ಒಂದಿಷ್ಟು ಏರುತ್ತವೆ, ಆದರೆ ಒಂದಕ್ಕೊಂದರ ಅಳತೆ ಅಷ್ಟಾಗಿ ಕದಲುವುದಿಲ್ಲ. ಹೋಗುವ ವರ್ಷದ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಬಹುದು.

ಮೊದಲು ಇವಿಷ್ಟನ್ನು ಬರೆದಿಟ್ಟುಕೊಳ್ಳಿ

ಒಂದು ಚೀಟಿ ತೆಗೆದುಕೊಂಡು ಇಳಿಯುವ ದಿನ, ಹೊರಡುವ ದಿನ ಬರೆಯಿರಿ. ತಾರೀಖಲ್ಲ, ಸೋಮವಾರವೋ ಗುರುವಾರವೋ ಎಂದು. ಅದರ ಕೆಳಗೆ ವಿಮಾನ ನಿಲ್ದಾಣಕ್ಕೆ ಎಷ್ಟು ಬಾರಿ ರೈಲಿನಲ್ಲಿ ಹೋಗಿಬರುತ್ತೀರಿ ಎಂದು ಬರೆಯಿರಿ: ಸೊನ್ನೆಯೋ, ಒಂದೋ, ಎರಡೋ. ಲಂಡನ್ನಿನಿಂದ ಯೂರೋಸ್ಟಾರ್ ರೈಲಿನಲ್ಲಿ ಬಂದು ಊರೊಳಗಿನ ನಿಲ್ದಾಣ ಗಾರ್ ದು ನಾರ್‌ನಲ್ಲಿ ಇಳಿಯುವವರಿಗೆ ಇದು ಸೊನ್ನೆ ಆಗಬಹುದು, ಆಗ ಲೆಕ್ಕವೇ ತಿರುಗುತ್ತದೆ.

ಮೂರನೆಯದು ದಿನಕ್ಕೆಷ್ಟು ಸವಾರಿ ಎನ್ನುವುದು. ಇದರಲ್ಲೇ ಎಲ್ಲರೂ ತಪ್ಪು ಮಾಡುವುದು. ಊರಲ್ಲಿ ಕೂತು ಪಟ್ಟಿ ಮಾಡುವಾಗ ದಿನಕ್ಕೆ ಎಂಟು ಜಾಗ ಬರೆದಿರುತ್ತಾರೆ. ಅಲ್ಲಿಗೆ ಹೋದ ಮೇಲೆ ಲೂವ್ರ್‌ ಒಳಗೇ ಅರ್ಧ ದಿನ ಕಳೆಯುತ್ತದೆ, ಅಲ್ಲಿಂದ ನೋತ್ರ್ ದಾಮ್ ಇಗರ್ಜಿಗೆ ನದಿಯ ದಂಡೆ ಹಿಡಿದು ನಡೆದೇ ಹೋಗುತ್ತೀರಿ. ಹೋಟೆಲಿನಿಂದ ಹೊರಡುವುದು ಒಂದು, ನಡುವೆ ಒಂದು, ರಾತ್ರಿ ವಾಪಸ್ಸು ಒಂದು. ದಿನಕ್ಕೆ ಮೂರು ಅಂದುಕೊಳ್ಳಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರೆ, ಒಂದೊಂದು ನಿಲ್ದಾಣದ ದೂರಕ್ಕೂ ಬಸ್ಸು ಹಿಡಿಯಬೇಕಾದರೆ ಐದು.

ಕೊನೆಯದು, ಜೊತೆಯಲ್ಲಿ ಯಾರ‍್ಯಾರು, ಅವರ ವಯಸ್ಸೆಷ್ಟು. ನಾಲ್ಕು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ನಾಲ್ಕರಿಂದ ಒಂಬತ್ತರವರೆಗೆ ಬಿಡಿ ಟಿಕೆಟ್ ಅರ್ಧ ದರ. ಹತ್ತು ತುಂಬಿದರೆ ಪೂರ್ತಿ.

ಬಿಡಿ ಟಿಕೆಟ್, ಅಂದರೆ ನವಿಗೊ ಈಸಿ ಕಾರ್ಡ್

ಎರಡು ಯೂರೊ ಕೊಟ್ಟರೆ ‘ನವಿಗೊ ಈಸಿ’ ಎಂಬ ಕಾರ್ಡ್ ಸಿಗುತ್ತದೆ. ಹೆಸರು ಬೇಡ, ಫೋಟೊ ಬೇಡ, ಹತ್ತು ವರ್ಷ ಬಾಳುತ್ತದೆ. ಅದಕ್ಕೆ ಬೇಕಾದಷ್ಟು ಬಿಡಿ ಟಿಕೆಟ್ ತುಂಬಿಸಿಕೊಳ್ಳುತ್ತ ಹೋಗುವುದು. ದಿನಕ್ಕೆ ಎರಡು ಮೂರು ಸವಾರಿ ಸಾಕೆನ್ನುವವರಿಗೆ, ವಾರಾಂತ್ಯಕ್ಕೆ ಬಂದವರಿಗೆ, ಕಾಲ್ನಡಿಗೆ ಇಷ್ಟಪಡುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೆ ಒಳಗಿನ ನಿಯಮಗಳು ಗೊತ್ತಿರಬೇಕು.

ಮೆಟ್ರೊ ಟಿಕೆಟ್ ಎರಡು ಗಂಟೆ ನಡೆಯುತ್ತದೆ. ಆ ಹೊತ್ತಿನಲ್ಲಿ ಮೆಟ್ರೊದಿಂದ ಮೆಟ್ರೊಗೆ, ಮೆಟ್ರೊದಿಂದ ಆರ್‌ಇಆರ್‌ಗೆ ಎಷ್ಟು ಸಲ ಬೇಕಾದರೂ ಬದಲಾಯಿಸಿ. ಗೇಟಿನಿಂದ ಮಾತ್ರ ಹೊರಗೆ ಬರಬೇಡಿ. ಎರಡು ಗಂಟೆ ಇದೆಯಲ್ಲ ಎಂದು ಹೊರಗೆ ಬಂದು ಕಾಫಿ ಕುಡಿದು ಮತ್ತೆ ಒಳಗೆ ಹೋದರೆ ಇನ್ನೊಂದು ಟಿಕೆಟ್ ಹೋಗುತ್ತದೆ. ಶಾತ್ಲೆಯಂಥ ಜೇನುಗೂಡಿನ ನಿಲ್ದಾಣದಲ್ಲಿ ‘ಸೊರ್ತಿ’ ಎಂಬ ಫಲಕ ಹಿಡಿದು ನಡೆದವರು ಹೀಗೆಯೇ ಬೀದಿಗೆ ಬಂದು ಬೀಳುತ್ತಾರೆ. ಸೊರ್ತಿ ಎಂದರೆ ಹೊರದಾರಿ. ನಿಮಗೆ ಬೇಕಾದ್ದು ನಿಮ್ಮ ಮುಂದಿನ ಮಾರ್ಗದ ಸಂಖ್ಯೆಯಿರುವ ಬಣ್ಣದ ವೃತ್ತ.

ಬಸ್ಸು-ಟ್ರಾಮಿನ ಟಿಕೆಟ್ ಬೇರೆಯೇ. ಅದು ತೊಂಬತ್ತು ನಿಮಿಷ ನಡೆಯುತ್ತದೆ. ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ಟ್ರಾಮಿಗೆ ಹತ್ತಬಹುದು. ಆದರೆ ಬಸ್ಸಿನಿಂದ ಇಳಿದು ಮೆಟ್ರೊ ಹತ್ತಿದರೆ ಎರಡೂ ಟಿಕೆಟ್ ಬೇಕು: 2 ಮತ್ತು 2.50 ಸೇರಿ 4.50 ಯೂರೊ. ಅಗ್ಗವೆಂದು ಮೆಟ್ರೊದಿಂದ ದೂರದ ಹೋಟೆಲ್ ಹಿಡಿದವರಿಗೆ ಹೋಗಿಬರಲಿಕ್ಕೇ ದಿನಕ್ಕೆ 9 ಯೂರೊ. ಅಂಥವರು ಬಿಡಿ ಟಿಕೆಟ್ ಮರೆತು ಪಾಸಿನತ್ತ ನೋಡುವುದು ಲೇಸು. ಕೋಣೆ ಕಾದಿರಿಸುವಾಗಲೇ ಮೆಟ್ರೊ ನಿಲ್ದಾಣ ಎಷ್ಟು ಹತ್ತಿರ ಎಂದು ನೋಡಿಕೊಂಡರೆ ಇನ್ನೂ ಲೇಸು.

ಒಂದು ಕಾರ್ಡನ್ನು ಇಬ್ಬರು ಬಳಸುವಂತಿಲ್ಲ. ಹತ್ತು ಟಿಕೆಟ್ ತುಂಬಿಸಿ, ಗಂಡ ಒತ್ತಿ ಒಳಗೆ ಹೋಗಿ, ಹೆಂಡತಿಗೆ ದಾಟಿಸುವುದು ನಡೆಯದು. ಎರಡನೇ ಸಲ ಗೇಟು ಬಾಯಿ ಬಿಡುವುದೇ ಇಲ್ಲ. ತಲೆಗೊಂದು ಕಾರ್ಡ್, ಏಳು ವರ್ಷದ ಮಗುವಿಗೂ.

ಇನ್ನೊಂದು ತೊಡಕು ಬಹಳ ಜನಕ್ಕೆ ಗೊತ್ತಿಲ್ಲ. ಒಂದೇ ಈಸಿ ಕಾರ್ಡಿನಲ್ಲಿ ಮೆಟ್ರೊ ಟಿಕೆಟ್ ಮತ್ತು ವಿಮಾನ ನಿಲ್ದಾಣದ ಟಿಕೆಟ್ ಒಟ್ಟಿಗೆ ಕೂರುವುದಿಲ್ಲ. ಬಂದಿಳಿದಾಗ ತೊಂದರೆಯಿಲ್ಲ: 13 ಯೂರೊ ಟಿಕೆಟ್ ಹಾಕಿಸಿ, ಅದು ಬಳಕೆಯಾದ ಮೇಲೆ ಊರೊಳಗೆ ಮೆಟ್ರೊ ಟಿಕೆಟ್ ತುಂಬಿಸಿ. ಪೇಚಿಗೆ ಸಿಗುವುದು ವಾಪಸ್ ಹೊರಡುವ ದಿನ. ಎರಡು ಮೆಟ್ರೊ ಟಿಕೆಟ್ ಕಾರ್ಡಿನಲ್ಲಿ ಉಳಿದುಬಿಟ್ಟಿದ್ದರೆ ಯಂತ್ರ ವಿಮಾನ ನಿಲ್ದಾಣದ ಟಿಕೆಟ್ಟನ್ನು ಹಾಕಿಕೊಳ್ಳುವುದಿಲ್ಲ. ಹಿಂದಿನ ರಾತ್ರಿಯೇ ಟಿಕೆಟ್ ಖಾಲಿ ಮಾಡಿಕೊಳ್ಳಿ, ಇಲ್ಲವೇ ಇನ್ನೆರಡು ಯೂರೊ ಕೊಟ್ಟು ಬೇರೆ ಕಾರ್ಡ್ ತೆಗೆದುಕೊಳ್ಳಿ. ಬಸ್ಸು-ಟ್ರಾಮಿನ ಟಿಕೆಟ್ ಜೊತೆಗೆ ಈ ಜಗಳವಿಲ್ಲ.

ವರ್ಸೈ, ಡಿಸ್ನಿಲ್ಯಾಂಡ್ ಎರಡಕ್ಕೂ ಈಗ ಬಿಡಿ ಟಿಕೆಟ್ಟೇ ಸಾಕು. ಹೋಟೆಲ್ ಹತ್ತಿರ ಮೆಟ್ರೊ ಹತ್ತಿ, ನಡುವೆ ಆರ್‌ಇಆರ್ ಸಿ ಹಿಡಿದು ವರ್ಸೈ ಶಾತೊ ರೀವ್ ಗೋಶ್‌ನಲ್ಲಿ ಇಳಿಯುವವರೆಗೂ ಅದೇ 2.50. ಹೋಗಿಬರಲು 5 ಯೂರೊ. ಅರಮನೆಗೆಂದೇ ದಿನದ ಪಾಸ್ ತೆಗೆದುಕೊಳ್ಳುವುದು ಬರೀ ದಂಡ.

ವಾರದ ಪಾಸ್: ದಿನ ಕೂಡಿಬಂದರೆ ಇದರ ಮುಂದೆ ಯಾವುದೂ ಇಲ್ಲ

‘ನವಿಗೊ ಸೆಮೇನ್’ಗೆ 31.60 ಯೂರೊ. ಒಂದರಿಂದ ಐದರವರೆಗಿನ ಎಲ್ಲ ವಲಯ, ಮೆಟ್ರೊ, ಆರ್‌ಇಆರ್, ಬಸ್ಸು, ಟ್ರಾಮು, ಮೊಂಮಾರ್ತ್ರ್ ಗುಡ್ಡ ಹತ್ತುವ ಹಳಿಬಂಡಿ ಎಲ್ಲವೂ ಬಂತು. ದೊಡ್ಡ ಲಾಭ ಯಾವುದೆಂದರೆ ವಿಮಾನ ನಿಲ್ದಾಣದ ದಾರಿಗಳು; ಚಾರ್ಲ್ಸ್ ಡಿ ಗಾಲ್‌ಗೆ ಹೋಗುವ ಆರ್‌ಇಆರ್ ಬಿ, ಓರ್ಲಿಗೆ ಹೋಗುವ ಮೆಟ್ರೊ 14 ಎರಡೂ ಇದರೊಳಗಿವೆ. ಹೋಗಿಬರುವ ಎರಡು ವಿಮಾನ ನಿಲ್ದಾಣದ ಟಿಕೆಟ್ಟೇ 26 ಯೂರೊ. ಉಳಿದದ್ದು 5.60. ಅಂದರೆ ಊರೊಳಗೆ ಮೂರನೇ ಸವಾರಿಗೇ ಪಾಸಿನ ದುಡ್ಡು ಹುಟ್ಟಿಬಿಡುತ್ತದೆ.

ತೊಡಕಿರುವುದು ವಾರದ ಅರ್ಥದಲ್ಲಿ. ಇದು ಕೊಂಡ ದಿನದಿಂದ ಏಳು ದಿನವಲ್ಲ. ಸೋಮವಾರದಿಂದ ಭಾನುವಾರ ಮಧ್ಯರಾತ್ರಿವರೆಗಿನ ಪಂಚಾಂಗದ ವಾರ. ಮಾರಾಟಕ್ಕೂ ಕಟ್ಟುಪಾಡಿದೆ. ಹಿಂದಿನ ಶುಕ್ರವಾರದಿಂದ ಆ ವಾರದ ಗುರುವಾರದವರೆಗೆ ಮಾತ್ರ ಆ ವಾರದ ಪಾಸ್ ಸಿಗುತ್ತದೆ. ಶುಕ್ರವಾರ ಬೆಳಿಗ್ಗೆ ಕೊಂಡರೆ ಸಿಗುವುದು ಮುಂದಿನ ಸೋಮವಾರದ್ದು. ಗೇಟಿಗೆ ಒತ್ತಿದಾಗ ಕೆಂಪು ದೀಪ ಬಂದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ, ದುಡ್ಡು ವಾಪಸ್ ಬರುವ ಮಾತಂತೂ ದೂರ. ಹಣ ಕೊಡುವ ಮುನ್ನ ಪರದೆಯಲ್ಲಿ ಪಾಸ್ ಯಾವ ತಾರೀಖಿಗೆ ಶುರುವಾಗುತ್ತದೆ ಎಂದು ಕಣ್ಣಿಟ್ಟು ಓದಿ. ಅಲ್ಲೇ ‘2-3’, ‘3-4’ ವಲಯದ ಅಗ್ಗದ ವಾರದ ಪಾಸುಗಳೂ ಕಾಣುತ್ತವೆ. ಪ್ಯಾರಿಸ್ ನಗರ ಒಂದನೇ ವಲಯ. ಆ ಅಗ್ಗದವುಗಳಲ್ಲಿ ಪ್ಯಾರಿಸ್ಸೇ ಇಲ್ಲ.

ದಿನಗಳನ್ನು ಇಟ್ಟು ನೋಡೋಣ, ದಿನಕ್ಕೆ ಮೂರು ಸವಾರಿಯ ಲೆಕ್ಕದಲ್ಲಿ. ಸೋಮವಾರ ಬಂದು ಶುಕ್ರವಾರ ಹೊರಟರೆ ಬಿಡಿಯಾಗಿ 26 ಮತ್ತು 37.50, ಒಟ್ಟು 63.50. ವಾರದ ಪಾಸಿನಲ್ಲಿ 31.60. ಗುರುವಾರ ಬಂದು ಭಾನುವಾರ ಹೊರಟರೂ, ಬರೀ ನಾಲ್ಕೇ ದಿನವಾದರೂ, ಬಿಡಿಯಾಗಿ 56, ಪಾಸಿನಲ್ಲಿ ಅದೇ 31.60. ಇನ್ನು ಶುಕ್ರವಾರ ಬಂದು ಮಂಗಳವಾರ ಹೊರಡುವವರು. ಶುಕ್ರವಾರದಿಂದ ಭಾನುವಾರದವರೆಗೆ ಅವರಿಗೆ ಬಿಡಿ ಟಿಕೆಟ್ಟೇ ಗತಿ. ಸೋಮವಾರ, ಮಂಗಳವಾರಕ್ಕೆ ಪಾಸ್ ತೆಗೆಯಬೇಕೇ? ಆರು ಸವಾರಿಗೆ 15, ವಾಪಸ್ ವಿಮಾನ ನಿಲ್ದಾಣಕ್ಕೆ 13, ಒಟ್ಟು 28, ಪಾಸ್ ಬೇಡ. ದಿನಕ್ಕೆ ನಾಲ್ಕು ಸವಾರಿಯಾದರೆ 33. ಆಗ ಪಾಸಿನಲ್ಲಿ 1.40 ಉಳಿಯುತ್ತದೆ. ಅಷ್ಟಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ವಿಮಾನದ ಟಿಕೆಟ್ ಇನ್ನೂ ಕಾದಿರಿಸಿಲ್ಲವಾದರೆ, ದರ ಒಂದೇ ಇದ್ದಾಗ ಶುಕ್ರವಾರದ ಬದಲು ಗುರುವಾರ ಇಳಿಯುವಂತೆ ನೋಡಿಕೊಳ್ಳಿ. ನಾಲ್ಕು ದಿನದ ಪ್ರವಾಸವಾದರೆ, ಯೂರೊಗೆ ನೂರು ರೂಪಾಯಿ ಎಂದು ಹಿಡಿದರೂ ಒಬ್ಬರಿಗೆ ಎರಡು ಸಾವಿರ ರೂಪಾಯಿಗೂ ಹೆಚ್ಚು ಉಳಿಯುತ್ತದೆ.

ವಿಮಾನ ನಿಲ್ದಾಣದ ಸವಾರಿ ಸೊನ್ನೆಯಾದವರಿಗೆ ಲೆಕ್ಕ ಬೇರೆ: 31.60ನ್ನು 2.50ರಿಂದ ಭಾಗಿಸಿದರೆ ಹದಿಮೂರು ಸವಾರಿ. ಅಷ್ಟು ಓಡಾಡುವ ಹಾಗಿದ್ದರೆ ಮಾತ್ರ ವಾರದ ಪಾಸ್.

ಈ ಪಾಸ್ ಈಸಿ ಕಾರ್ಡಿನಲ್ಲಿ ಕೂರುವುದಿಲ್ಲ. ಒಂದೋ ಫೋನಿನಲ್ಲಿ ಕೊಳ್ಳಬೇಕು, ಇಲ್ಲವೇ ‘ನವಿಗೊ ದೆಕುವೆರ್ತ್’ ಎಂಬ ಇನ್ನೊಂದು ಕಾರ್ಡ್ ಬೇಕು. ಅದಕ್ಕೆ 5 ಯೂರೊ, ಜೊತೆಗೆ 25 ಮಿಲಿಮೀಟರ್ ಅಗಲ 30 ಮಿಲಿಮೀಟರ್ ಉದ್ದದ ಫೋಟೊ. ಊರಲ್ಲೇ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಿ, ಅದನ್ನೇ ಕತ್ತರಿಸಿ ಒಯ್ದರೆ ಸಾಕು. ಅಲ್ಲಿನ ಫೋಟೊ ಯಂತ್ರಕ್ಕೆ ದುಡ್ಡು ಸುರಿಯಬೇಕಿಲ್ಲ. ಫೋಟೊ ಅಂಟಿಸಿ, ಹೆಸರು ಬರೆದು, ಸಹಿ ಹಾಕಿ. ಖಾಲಿ ಬಿಟ್ಟ ಕಾರ್ಡಿನಲ್ಲಿ ಪಾಸ್ ಇದ್ದರೂ ತಪಾಸಣೆಯವರು ದಂಡ ಹಾಕಬಹುದು, ಹಾಕುತ್ತಾರೆ ಕೂಡ. ಕಾರ್ಡಿನ ದುಡ್ಡು ಸೇರಿಸಿದರೆ 36.60. ಆಗಲೂ, ಎರಡು ವಿಮಾನ ನಿಲ್ದಾಣದ ಸವಾರಿ ಇರುವವರಿಗೆ, ಊರೊಳಗಿನ ಐದನೇ ಸವಾರಿಯಿಂದಲೇ ಲಾಭ.

ದಿನದ ಪಾಸ್ ಮತ್ತು ಪಾರಿ ವಿಸಿತ್

‘ನವಿಗೊ ಜೂರ್’ಗೆ 12 ಯೂರೊ. ಐದನೇ ಸವಾರಿಯಿಂದ ಲಾಭ. ಬಸ್ಸು ಮೆಟ್ರೊ ಬೆರೆಸಿ ಹತ್ತಿಳಿಯುವ ದಿನ, ಮಳೆಯ ದಿನ, ವಯಸ್ಸಾದವರು ಜೊತೆಗಿರುವ ದಿನ ಇದು ಒಳ್ಳೆಯದು. ಈಸಿ ಕಾರ್ಡಿಗೇ ತುಂಬಿಸಿಕೊಳ್ಳಬಹುದು. ಇದು ಇಪ್ಪತ್ತನಾಲ್ಕು ಗಂಟೆಯ ಪಾಸಲ್ಲ, ಆ ತಾರೀಖಿನ ಪಾಸು; ಸಂಜೆ ಆರಕ್ಕೆ ಕೊಂಡರೆ ಮಧ್ಯರಾತ್ರಿಗೆ ಸತ್ತುಹೋಗುತ್ತದೆ. ವಿಮಾನ ನಿಲ್ದಾಣದ ರೈಲು, ಮೆಟ್ರೊ ಇದರಲ್ಲಿ ಸೇರಿಲ್ಲ. ‘ಎಲ್ಲ ಐದು ವಲಯ’ ಎಂದು ಬರೆದಿದ್ದನ್ನು ನಂಬಿ ಆರ್‌ಇಆರ್ ಬಿ ಹತ್ತಿದವರಿಗೆ ಚಾರ್ಲ್ಸ್ ಡಿ ಗಾಲ್‌ನ ಹೊರಗೇಟು ತೆರೆಯುವುದಿಲ್ಲ.

‘ಪಾರಿ ವಿಸಿತ್’ ಪ್ರವಾಸಿಗರಿಗೆಂದೇ ಮಾಡಿದ ಪಾಸು. ವಿಮಾನ ನಿಲ್ದಾಣ ಸೇರಿದೆ, ಕೆಲವು ನೋಟದ ಜಾಗಗಳಲ್ಲಿ ಒಂದಿಷ್ಟು ರಿಯಾಯಿತಿ ಇದೆ, ಯಾವ ದಿನ ಬೇಕಾದರೂ ಶುರು ಮಾಡಬಹುದು. ಒಂದು ದಿನಕ್ಕೆ 29.90, ಎರಡಕ್ಕೆ 44.45, ಮೂರಕ್ಕೆ 62.30, ಐದಕ್ಕೆ 76.25 ಯೂರೊ. ನೇರವಾಗಿ ಹೇಳುವುದಾದರೆ ಇದು ಯೋಚನೆ ಬೇಡವೆನ್ನುವವರಿಗೆ ಹಾಕುವ ಶುಲ್ಕ. ಒಂದು ದಿನದ ಪಾರಿ ವಿಸಿತ್‌ಗೂ ಇಡೀ ವಾರದ ಪಾಸಿಗೂ ಇರುವ ವ್ಯತ್ಯಾಸ ಬರೀ 1.70 ಯೂರೊ! ಮೂರು ದಿನದ್ದನ್ನು ಬಿಡಿಸಿ ನೋಡಿ: ಎರಡು ವಿಮಾನ ನಿಲ್ದಾಣದ ಟಿಕೆಟ್ 26, ಮೂರು ನವಿಗೊ ಜೂರ್ 36, ಒಟ್ಟು 62. ಅಂದರೆ ಮೂರೂ ದಿನ ಐದೈದು ಸವಾರಿ ಮಾಡಿದರೂ ಇದರಲ್ಲಿ ಉಳಿತಾಯವಿಲ್ಲ. ಐದು ದಿನದ್ದು ಮಾತ್ರ ಒಂದು ಸಂದರ್ಭದಲ್ಲಿ ತೂಗುತ್ತದೆ: ಶುಕ್ರವಾರ ಬಂದು ಮಂಗಳವಾರ ಹೊರಡುವವರು, ವಿಮಾನ ನಿಲ್ದಾಣದ ಎರಡು ಸವಾರಿ ಬಿಟ್ಟು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಓಡಾಡಿದರೆ. ನಾಲ್ಕೇ ಆದರೆ ಬಿಡಿ ಟಿಕೆಟ್ 76, ಪಾಸು 76.25. ಇಲ್ಲಿಯೂ ದಿನವೆಂದರೆ ತಾರೀಖೇ. ರಾತ್ರಿ ಒಂಬತ್ತಕ್ಕೆ ಇಳಿದು ಶುರು ಮಾಡಿದರೆ ಒಂದು ದಿನ ಸುಮ್ಮನೆ ಹೋಯಿತು.

ಮಕ್ಕಳ ವಿಷಯಕ್ಕೆ ಬಂದರೆ, ಪಾರಿ ವಿಸಿತ್‌ನಲ್ಲಿ ನಾಲ್ಕರಿಂದ ಹನ್ನೊಂದು ವರ್ಷದವರಿಗೆ ಅರ್ಧ ದರ. ಕೌಂಟರಿನಲ್ಲಿ ಕೊಳ್ಳುವ ವಾರದ ಪಾಸಿನಲ್ಲಿ ಮಕ್ಕಳಿಗೆ ಅಂಥ ಅರ್ಧ ದರ ಇಲ್ಲ. ಇದನ್ನು ನೋಡಿ ಮಕ್ಕಳಿಗೆ ಪಾರಿ ವಿಸಿತ್ ಕೊಡಿಸುವವರಿದ್ದಾರೆ. ಐದು ದಿನದ ಅರ್ಧ ದರವೇ 38 ಯೂರೊ ದಾಟುತ್ತದೆ. ವಾರದ ಪೂರ್ತಿ ದರ 31.60.

ವಿಮಾನ ನಿಲ್ದಾಣದಿಂದ ಊರಿಗೆ

ಬೆಂಗಳೂರಿನಿಂದ ಏರ್ ಫ್ರಾನ್ಸ್‌ನ ನೇರ ವಿಮಾನ ಇಳಿಯುವುದು ಚಾರ್ಲ್ಸ್ ಡಿ ಗಾಲ್‌ನ ಎರಡನೇ ಟರ್ಮಿನಲ್‌ನಲ್ಲಿ. ಆರ್‌ಇಆರ್ ನಿಲ್ದಾಣ ಅದರ ನಡುವೆಯೇ ಇದೆ. ಒಂದನೇ ಟರ್ಮಿನಲ್‌ನಲ್ಲಿ ಇಳಿದವರು ಪುಕ್ಕಟೆ ಓಡುವ ಸಿಡಿಜಿವಾಲ್ ಪುಟ್ಟ ರೈಲು ಹತ್ತಿ ನಿಲ್ದಾಣಕ್ಕೆ ಬರಬೇಕು. 13 ಯೂರೊ ಟಿಕೆಟ್ ಗಾರ್ ದು ನಾರ್‌ವರೆಗೆ ಮಾತ್ರ ಎಂದು ತಿಳಿದು, ಇಳಿದ ಮೇಲೆ ಮೆಟ್ರೊಗೆ ಇನ್ನೊಂದು ಟಿಕೆಟ್ ಕೊಳ್ಳಬೇಡಿ. ಹೊರಗೆ ಬರದೆ ಮೆಟ್ರೊಗೆ ಬದಲಾಯಿಸಿದರೆ ಅದೇ ಟಿಕೆಟ್ ಹೋಟೆಲಿನವರೆಗೂ ನಡೆಯುತ್ತದೆ.

ವಾಪಸ್ ಬರುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಆರ್‌ಇಆರ್ ಬಿ ಉತ್ತರದಲ್ಲಿ ಒಲ್ನೆ ದಾಟಿದ ಮೇಲೆ ಎರಡಾಗಿ ಕವಲೊಡೆಯುತ್ತದೆ. ಒಂದು ವಿಮಾನ ನಿಲ್ದಾಣಕ್ಕೆ, ಇನ್ನೊಂದು ಮಿತ್ರಿ-ಕ್ಲೆಗೆ. ಪ್ಲಾಟ್‌ಫಾರ್ಮ್ ಫಲಕದಲ್ಲಿ ಯಾವ ಯಾವ ನಿಲ್ದಾಣದ ಮುಂದೆ ದೀಪ ಹತ್ತಿದೆ ಎಂದು ನೋಡಿ ಹತ್ತಿ. ತಪ್ಪಿ ಮಿತ್ರಿಯ ರೈಲು ಹತ್ತಿದ್ದರೆ ಒಲ್ನೆಯಲ್ಲೇ ಇಳಿದು ಹಿಂದೆ ಬರುವ ವಿಮಾನ ನಿಲ್ದಾಣದ ರೈಲಿಗೆ ಕಾಯುವುದು.

ಸಾಮಾನು ತುಂಬ ಇದ್ದು ನಾಲ್ವರು ದೊಡ್ಡವರಿದ್ದರೆ ಟ್ಯಾಕ್ಸಿಯ ಲೆಕ್ಕವನ್ನೂ ಹಾಕಿ. ಚಾರ್ಲ್ಸ್ ಡಿ ಗಾಲ್‌ನಿಂದ ಟ್ಯಾಕ್ಸಿಗೆ ಕಟ್ಟಿದ ದರವಿದೆ: ಸೇನ್ ನದಿಯ ಬಲದಂಡೆಗೆ 56, ಎಡದಂಡೆಗೆ 65 ಯೂರೊ. ಲೂವ್ರ್, ಮೊಂಮಾರ್ತ್ರ್ ಬಲದಂಡೆ. ಐಫೆಲ್ ಟವರ್ ಎಡದಂಡೆ. ನಾಲ್ಕು ರೈಲು ಟಿಕೆಟ್ಟಿಗೆ 52 ಆಗುವಾಗ ನಾಲ್ಕು ಯೂರೊ ಹೆಚ್ಚಿಗೆ ಮನೆಬಾಗಿಲಿಗೆ ಹೋಗಬಹುದು. ಅಧಿಕೃತ ಸಾಲಿನಲ್ಲೇ ನಿಂತು ಹತ್ತಿ. ಒಳಗೆ ಬಂದು ‘ಟ್ಯಾಕ್ಸಿ, ಟ್ಯಾಕ್ಸಿ’ ಎನ್ನುವವರ ಹಿಂದೆ ಹೋಗಬೇಡಿ. ಸೋಮವಾರದಿಂದ ಗುರುವಾರದೊಳಗೆ ಬಂದು ಹೇಗೂ ವಾರದ ಪಾಸ್ ಕೊಳ್ಳುವವರಿಗೆ ಮಾತ್ರ ಈ ಹೋಲಿಕೆ ಸಲ್ಲ. ಅವರಿಗೆ ರೈಲು ಪಾಸಿನೊಳಗೇ ಇದೆ.

ಓರ್ಲಿಯಲ್ಲಿ ಇಳಿಯುವವರಿಗೆ ಒಂದು ಒಳದಾರಿ ಇದೆ. ಮೆಟ್ರೊ 14ಕ್ಕೆ 13 ಯೂರೊ. ಆದರೆ ಟ್ರಾಮ್ 7 ಓರ್ಲಿಯಿಂದ ವಿಲ್‌ಜ್ವಿಫ್-ಲೂಯಿ ಅರಗೊಂಗೆ ಹೋಗುತ್ತದೆ, ಅದಕ್ಕೆ 2 ಯೂರೊ ಬಸ್ಸು-ಟ್ರಾಮಿನ ಟಿಕೆಟ್ ಸಾಕು. ಅಲ್ಲಿಂದ ಮೆಟ್ರೊ 7ಕ್ಕೆ 2.50. ಒಟ್ಟು 4.50. ನಿಧಾನ, ಪೆಟ್ಟಿಗೆ ಎತ್ತಿಳಿಸುವ ರಗಳೆ ಇದೆ. ಬೆನ್ನಿಗೊಂದೇ ಚೀಲ ಹಾಕಿಕೊಂಡ ವಿದ್ಯಾರ್ಥಿಗೆ 8.50 ಯೂರೊ ಉಳಿತಾಯ.

ಕಾರ್ಡೋ, ಫೋನೋ? ದುಡ್ಡು ಕೊಡುವುದು ಹೇಗೆ?

ಲಂಡನ್ ನೋಡಿ ಬಂದವರು ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಲು ಹೋಗುತ್ತಾರೆ. ಪ್ಯಾರಿಸ್ ಮೆಟ್ರೊ ಗೇಟು ಅದಕ್ಕೆ ಬಗ್ಗುವುದಿಲ್ಲ. ನವಿಗೊ ಕಾರ್ಡು ಅಥವಾ ಫೋನಿನೊಳಗಿನ ನವಿಗೊ ಬೇಕು. 2024ರ ಫೆಬ್ರುವರಿಯಿಂದ ಐಫೆಲ್ ಟವರ್ ಟಿಕೆಟ್ಟಿಗೆ ಯುಪಿಐ ನಡೆಯುತ್ತದೆ ಎಂಬ ಸುದ್ದಿ ಓದಿ ಮೆಟ್ರೊ ಯಂತ್ರದಲ್ಲಿ ಕ್ಯೂಆರ್ ಹುಡುಕುವುದೂ ಬೇಡ. ಯಂತ್ರಕ್ಕೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು, ಪಿನ್ ನೆನಪಿರಬೇಕು. ಹೊರಡುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ತೆರೆದಿಡಿ. ಮುಚ್ಚಿದ್ದರೆ ಯಂತ್ರ ಕಾರ್ಡನ್ನು ತಿರಸ್ಕರಿಸುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ನೋಟು ತೆಗೆದುಕೊಳ್ಳದೆ ನಾಣ್ಯ ಮಾತ್ರ ನುಂಗುವ ಯಂತ್ರಗಳೂ ಉಂಟು, ಜೇಬಿನಲ್ಲಿ ಹತ್ತು ಯೂರೊ ಚಿಲ್ಲರೆ ಇರಲಿ.

ಹಳೆಯ ಯಂತ್ರದ ಪರದೆಯನ್ನು ಬೆರಳಿಂದ ಒತ್ತಿ ಒತ್ತಿ ಸೋತವರನ್ನು ದಿನವೂ ಕಾಣಬಹುದು. ಅದು ಮುಟ್ಟುವ ಪರದೆಯಲ್ಲ. ಪರದೆಯ ಕೆಳಗೆ ಲಟ್ಟಣಿಗೆಯಂಥ ಒಂದು ಉರುಳೆ ಇದೆ. ಅದನ್ನು ಅಂಗೈಯಿಂದ ಮೇಲಕ್ಕೆ ಕೆಳಕ್ಕೆ ಉರುಳಿಸಿದರೆ ಪಟ್ಟಿ ಸರಿಯುತ್ತದೆ, ಹಸಿರು ಗುಂಡಿ ಒತ್ತಿದರೆ ಆಯ್ಕೆ. ಮೊದಲು ನವಿಗೊ ಕಾರ್ಡನ್ನು ಅದಕ್ಕಾಗಿ ಇರುವ ಗೂಡಿನಲ್ಲಿ ಇಡಿ, ಭಾಷೆ ಬದಲಾಯಿಸಿ, ಟಿಕೆಟ್ಟಿನ ಬಗೆ, ಸಂಖ್ಯೆ, ಹಣ. ಹಣ ಕಡಿತವಾದ ಕೂಡಲೇ ಕಾರ್ಡನ್ನು ಎತ್ತಿಬಿಡಬೇಡಿ. ಟಿಕೆಟ್ ಕಾರ್ಡಿಗೆ ಬರೆದುಕೊಳ್ಳುವುದು ಆಮೇಲೆ. ಮುಗಿಯಿತು ಎಂದು ಪರದೆ ಹೇಳುವವರೆಗೆ ಕೈ ತಡೆಯಿರಿ. ರಸೀದಿಯನ್ನೂ ತೆಗೆದುಕೊಳ್ಳಿ. ಕಾರ್ಡಿಗೆ ಟಿಕೆಟ್ ಏರದೆ ಹೋದರೆ ಕೌಂಟರಿನವರಿಗೆ ತೋರಿಸಲು ಅದೊಂದೇ ಆಧಾರ.

ಫೋನಿನಲ್ಲಿ ಕೊಳ್ಳುವುದಕ್ಕೆ ‘ಐಲ್ ದ ಫ್ರಾನ್ಸ್ ಮೊಬಿಲಿತೆ’ ಆ್ಯಪ್ ಬೇಕು, ಫೋನಿನಲ್ಲಿ ಎನ್‌ಎಫ್‌ಸಿ (ಫೋನನ್ನು ಕಾರ್ಡಿನಂತೆ ತಾಗಿಸುವ ಸೌಲಭ್ಯ) ಇರಬೇಕು. ಆಂಡ್ರಾಯ್ಡ್‌ನಲ್ಲಿ ಮೊದಲಿನಿಂದಲೂ ಇತ್ತು, ಐಫೋನಿಗೆ 2024ರ ಮೇ ತಿಂಗಳಲ್ಲಿ ಬಂತು. ವಾರದ ಪಾಸ್‌ಗೆ ಇದು ಎಲ್ಲಕ್ಕಿಂತ ಸಲೀಸು: 5 ಯೂರೊ ಕಾರ್ಡ್ ಬೇಡ, ಫೋಟೊ ಬೇಡ, ವಿಮಾನ ನಿಲ್ದಾಣದ ಕೌಂಟರಿನ ಸಾಲು ಬೇಡ. ಆದರೆ ಒಂದು ಫೋನಿಗೆ ಒಬ್ಬರೇ. ತಪಾಸಣೆ ಬಂದಾಗ ಫೋನು ಸತ್ತಿದ್ದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ. ದಿನವಿಡೀ ಫೋಟೊ ತೆಗೆಯುವವರು ಪವರ್ ಬ್ಯಾಂಕ್ ಮರೆಯಬಾರದು. ಅಪ್ಪ ಅಮ್ಮನ ಕೈಗೆ ಫೋನಿನ ಟಿಕೆಟ್ ಕೊಡುವ ಬದಲು ಕಾರ್ಡೇ ಕೊಡಿ. ಅದಕ್ಕೂ ಸುಲಭದ ದಾರಿ ಇದೆ: ಅದೇ ಆ್ಯಪ್ ತೆರೆದು ಕಾರ್ಡನ್ನು ಫೋನಿನ ಬೆನ್ನಿಗೆ ಹಿಡಿದರೆ ಹೋಟೆಲ್ ಕೋಣೆಯಲ್ಲೇ ಮನೆಯವರೆಲ್ಲರ ಕಾರ್ಡು ತುಂಬಿಸಬಹುದು.

ಓದಲು, ದುಡಿಯಲು ಹೋಗಿ ನೆಲೆಸುವವರಿಗೆ

ತಿಂಗಳ ಪಾಸ್ 88.80 ಯೂರೊ. ಇದೂ ಪಂಚಾಂಗದ ತಿಂಗಳೇ. ಹಿಂದಿನ ತಿಂಗಳ 20ರಿಂದ ಆ ತಿಂಗಳ 19ರವರೆಗೆ ಮಾರುತ್ತಾರೆ. 12ನೇ ತಾರೀಖು ಬಂದಿಳಿದು ತಿಂಗಳ ಪಾಸ್ ಕೊಂಡರೆ 31ಕ್ಕೆ ಮುಗಿಯುತ್ತದೆ. ಮೂರು ವಾರದ ಪಾಸು ಕೂಡಿದರೆ 94.80, ಎರಡು ಕೂಡಿದರೆ 63.20. ಹಾಗಾಗಿ ತಿಂಗಳ ಕೊನೆಗೆ ಎರಡೇ ವಾರ ಉಳಿದಿದ್ದರೆ ವಾರದ ಪಾಸಿನಲ್ಲಿ ದಾಟಿಸಿ, ಒಂದನೇ ತಾರೀಖಿನಿಂದ ತಿಂಗಳದ್ದು ಹಿಡಿಯಿರಿ. ವರ್ಷದ ಪಾಸಿಗೆ ಹನ್ನೊಂದು ತಿಂಗಳ ದುಡ್ಡು. 26 ವರ್ಷದೊಳಗಿನ ವಿದ್ಯಾರ್ಥಿಗಳು ಇವೆಲ್ಲವನ್ನೂ ಬಿಟ್ಟು ‘ಇಮಾಜಿನ್ ಆರ್’ ಎಂಬ ವರ್ಷದ ಪಾಸಿಗೆ ಅರ್ಜಿ ಹಾಕಬೇಕು.

ಫ್ರಾನ್ಸಿನ ಬ್ಯಾಂಕ್ ಖಾತೆ ತೆರೆದ ಮೇಲೆ ‘ಲಿಬರ್ತೆ ಪ್ಲೂಸ್’ ಎಂಬುದೂ ಸಿಗುತ್ತದೆ: ಓಡಾಡಿದಷ್ಟಕ್ಕೆ ಮುಂದಿನ ತಿಂಗಳು ಬಿಲ್ಲು, ಮೆಟ್ರೊ ಸವಾರಿಗೆ 1.99. ವಾರಕ್ಕೆ ಮೂರು ದಿನ ಕಚೇರಿಗೆ ಹೋಗುವವರಿಗೆ ತಿಂಗಳಿಗೆ ಸುಮಾರು 26 ಸವಾರಿ, ಹತ್ತಿರ ಹತ್ತಿರ 52 ಯೂರೊ. 88.80ಕ್ಕಿಂತ ಅಗ್ಗವೆಂದು ಕಾಣುತ್ತದೆ. ಆದರೆ ಪಾಸಿನ ಅರ್ಧ ದುಡ್ಡನ್ನು ಕೆಲಸ ಕೊಟ್ಟವರು ಭರಿಸಬೇಕೆಂದು ಅಲ್ಲಿನ ಕಾನೂನಿದೆ, ಬಿಡಿ ಸವಾರಿಗೆ ಆ ಕಡ್ಡಾಯವಿಲ್ಲ. ನಿಮ್ಮ ಪಾಲಿಗೆ ಪಾಸು ಬೀಳುವುದು 44.40. ಅಂದರೆ ತಿಂಗಳಿಗೆ 23 ಸವಾರಿ ಮುಟ್ಟಿದರೆ ಪಾಸೇ ಅಗ್ಗ, ಶನಿವಾರ ಭಾನುವಾರದ ತಿರುಗಾಟವೂ ಅದರಲ್ಲೇ ಬಂತು.

ಕೊನೆಗೆ ಎಲ್ಲರಿಗೂ ಒಂದೆರಡು ಮಾತು. ಪಾಸ್ ಇದ್ದರೂ ಪ್ರತಿ ಸಲ, ಬಸ್ಸು ಹತ್ತುವಾಗಲೂ, ಕಾರ್ಡು ಒತ್ತಲೇಬೇಕು. ಮೆಟ್ರೊದಿಂದ ಹೊರಬರಲು ಒತ್ತುವುದು ಬೇಡ, ಆರ್‌ಇಆರ್‌ನಲ್ಲಿ ಬೇಕು. ಒಳಗೆ ಯಾವ ಕಾರ್ಡಿನಿಂದ ಹೋದಿರೋ ಹೊರಗೂ ಅದರಿಂದಲೇ. ಊರಿಗೆ ಹೊರಡುವಾಗ ಈಸಿ ಕಾರ್ಡಿನಲ್ಲಿ ಮೂರ‍್ನಾಲ್ಕು ಟಿಕೆಟ್ ಉಳಿದಿದ್ದರೆ ಎಸೆಯಬೇಡಿ. ಅದಕ್ಕೆ ಹೆಸರಿಲ್ಲದ್ದರಿಂದ ಮುಂದೆ ಹೋಗುವ ನೆಂಟರಿಗೋ ಗೆಳೆಯರಿಗೋ ಕೊಡಬಹುದು. ದೆಕುವೆರ್ತ್ ಕಾರ್ಡಿನ ಮೇಲೆ ನಿಮ್ಮ ಮುಖ ಅಂಟಿರುವುದರಿಂದ ಅದನ್ನು ಮಾತ್ರ ನೀವೇ ಇಟ್ಟುಕೊಳ್ಳಬೇಕು.